ಅನ್‌ಸೀನ್ ಪ್ಯಾಸೇಜಿನ ಚರಿತ್ರೆ

ಪಿಯುಸಿ ಓದುವ ಮಕ್ಕಳಿರುವ ನನ್ನ ಹಳೆಯ ವಿದ್ಯಾರ್ಥಿಗಳು ಈಚಿನ ವರ್ಷಗಳಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. “ಸಾರ್, ಇಂಗ್ಲಿಷ್ ಪತ್ರಿಕೆಯಲ್ಲಿ ಬರುವ ಕಾಂಪ್ರಹೆನ್ಷನ್‌ಗೆ ಮಕ್ಕಳನ್ನು ಹೇಗೆ ತಯಾರು ಮಾಡಿಸುವುದು?” ಅವರ ಗೊಂದಲ ನನಗೆ ಅರ್ಥವಾಗುತ್ತದೆ. ವ್ಯಾಕರಣಕ್ಕೆ ನಿಯಮಗಳಿವೆ, ಪಾಠಕ್ಕೆ ನೋಟ್ಸ್ ಇದೆ, ಪತ್ರಲೇಖನಕ್ಕೆ ಮಾದರಿಗಳಿವೆ. ಆದರೆ ಹಿಂದೆಂದೂ ಕಂಡಿರದ, ಮುಂದೆಂದೂ ಕಾಣಲಾರದ ಒಂದು ಗದ್ಯಭಾಗಕ್ಕೆ ಏನನ್ನು ಓದಿಸಬೇಕು? ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸಲು ನಾನು ಪ್ರಯತ್ನಿಸಿದ್ದುಂಟು. ಆದರೆ ಈ ಪ್ರಶ್ನೆಯ ಹಿಂದೆ ನೂರಾರು ವರ್ಷಗಳ ಒಂದು ಕಥೆಯಿದೆ. ಅದನ್ನು ತಿಳಿಯದೆ ಕೊಟ್ಟ ಉತ್ತರ ಬರಿಯ ಉಪಾಯವಾಗಿಬಿಡುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ದೇಶದ ಇಂಗ್ಲಿಷ್ ಶಿಕ್ಷಣದ ಕಥೆಯನ್ನು ಎಲ್ಲರೂ ಮೆಕಾಲೆಯ 1835ರ ಟಿಪ್ಪಣಿಯಿಂದ ಆರಂಭಿಸುತ್ತಾರೆ. ನಮ್ಮ ಈ ವಿಷಯಕ್ಕೆ ಅದಕ್ಕಿಂತ ಮುಖ್ಯವಾದ ವರ್ಷ 1857. ಆ ವರ್ಷ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದವು; ಅವುಗಳ ಪ್ರವೇಶ ಪರೀಕ್ಷೆಯಾದ ಮೆಟ್ರಿಕ್ಯುಲೇಷನ್ನು ಇಡೀ ಪ್ರೌಢಶಾಲಾ ಶಿಕ್ಷಣವನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ನಮ್ಮ ಮೈಸೂರು, ಬೆಂಗಳೂರಿನ ಕಾಲೇಜುಗಳೂ ಮದರಾಸಿನ ಅಧೀನದಲ್ಲಿಯೇ ಇದ್ದವು. ಆ ಕಾಲದ ಇಂಗ್ಲಿಷ್ ಪಾಠವೆಂದರೆ ಗೊತ್ತುಪಡಿಸಿದ ಪಠ್ಯ, ಅದರ ಕಠಿಣ ಪದಗಳಿಗೆ ಟಿಪ್ಪಣಿ, ವಾಕ್ಯ ವಿಂಗಡಣೆ, ಪದ್ಯವನ್ನು ಗದ್ಯಕ್ಕೆ ಇಳಿಸುವುದು, ಸಂದರ್ಭಸಹಿತ ವಿವರಣೆ. ಇವೆಲ್ಲವೂ ನೆನಪಿನ ಬಲದಿಂದ ನಡೆಯಬಹುದಾದ ಕೆಲಸಗಳು. ನಮ್ಮ ಮನೆಯ ಹಿರಿಯರೊಬ್ಬರು ಎಪ್ಪತ್ತು ದಾಟಿದ ಮೇಲೂ ಶೇಕ್ಸ್‌ಪಿಯರನ ನಾಟಕದ ಪುಟಗಟ್ಟಲೆ ಮಾತುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಆದರೆ ವಿಮಾ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂದರೆ ಅದನ್ನು ಓದಿ ತಿಳಿಸಲು ಹೈಸ್ಕೂಲು ಹುಡುಗನಾಗಿದ್ದ ನನ್ನನ್ನು ಕರೆಯುತ್ತಿದ್ದರು! ಅವರ ಬುದ್ಧಿ ಮಂದವಾಗಿತ್ತೆಂದು ಯಾರೂ ತಿಳಿಯಬಾರದು. ಅವರಿಗೆ ಕಲಿಸಿದ್ದು ಇಂಗ್ಲಿಷನ್ನು ಒಪ್ಪಿಸುವುದನ್ನು; ಓದುವುದನ್ನಲ್ಲ.

ಇದು ಅವರೊಬ್ಬರ ಕಥೆಯೂ ಅಲ್ಲ. 1902ರ ಭಾರತೀಯ ವಿಶ್ವವಿದ್ಯಾನಿಲಯ ಆಯೋಗವೇ, ಮೆಟ್ರಿಕ್ಯುಲೇಷನ್ ಮುಗಿಸಿ ಕಾಲೇಜು ಸೇರಿದ ಹುಡುಗರಿಗೆ ಇಂಗ್ಲಿಷಿನ ಉಪನ್ಯಾಸಗಳು ಅರ್ಥವಾಗುತ್ತಿಲ್ಲವೆಂದು ದಾಖಲಿಸಿತು.

ಇದೇ ಹೊತ್ತಿಗೆ ಸಮುದ್ರದಾಚೆ ಅಮೆರಿಕೆಯಲ್ಲಿ, ಇಂಗ್ಲಿಷೇ ಮನೆಮಾತಾದ ಮಕ್ಕಳ ನಡುವೆ, ಬೇರೊಂದು ವಿಚಾರ ಮೊಳೆಯುತ್ತಿತ್ತು. ಗಟ್ಟಿಯಾಗಿ ಓದುವುದೇ ಓದು ಎಂದು ಅಲ್ಲಿಯೂ ಬಹುಕಾಲ ನಂಬಿದ್ದರು. ಮಗು ಸ್ಪಷ್ಟವಾಗಿ ಉಚ್ಚರಿಸಿದರೆ ಅದಕ್ಕೆ ಓದು ಬಂತೆಂದೇ ಲೆಕ್ಕ. 1915ರ ಸುಮಾರಿಗೆ ಕ್ಯಾನ್ಸಸ್ ಪ್ರಾಂತದ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞರು ಮೌನವಾಗಿ ಓದಿ ಉತ್ತರಿಸುವ ಪರೀಕ್ಷೆಯೊಂದನ್ನು ರಚಿಸಿದರು. ಒಂದೇ ಒಂದು ಸರಿಯುತ್ತರವಿರಬೇಕು, ತಿದ್ದುವವರ ಇಷ್ಟಾನಿಷ್ಟಗಳಿಗೆ ಅಲ್ಲಿ ಎಡೆಯಿರಬಾರದು ಎಂಬುದು ಅವರ ಉದ್ದೇಶ. ಇಂದು ನಮ್ಮ ಮಕ್ಕಳು ಬ್ಯಾಂಕು, ರೈಲ್ವೆ ಪರೀಕ್ಷೆಗಳಲ್ಲಿ ಎದುರಿಸುವ, ಆಯ್ಕೆಗಳಿರುವ ಪ್ರಶ್ನೆಗಳಿಗೆ ಮೂಲಪುರುಷರಲ್ಲಿ ಇವರೂ ಒಬ್ಬರು.

ಕೆಲ್ಲಿಯವರಿಗಿಂತ ಆಳಕ್ಕೆ ಇಳಿದವರು ಎಡ್ವರ್ಡ್ ಥಾರ್ನ್‌ಡೈಕ್. 1917ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧವನ್ನು ಪ್ರತಿಯೊಬ್ಬ ಭಾಷಾಶಿಕ್ಷಕನೂ ಓದಬೇಕೆಂದು ನನ್ನ ಅಭಿಪ್ರಾಯ. ಆರನೆಯ ತರಗತಿಯ ಮಕ್ಕಳಿಗೆ ಅವರು ಒಂದು ಸಣ್ಣ ಭಾಗವನ್ನು ಕೊಟ್ಟರು. ಫ್ರಾಂಕ್ಲಿನ್ ಎಂಬ ಊರಿನಲ್ಲಿ ಇಷ್ಟು ವಯಸ್ಸಿನಿಂದ ಇಷ್ಟು ವಯಸ್ಸಿನವರೆಗಿನ ಮಕ್ಕಳು ಶಾಲೆಗೆ ಬರಲೇಬೇಕು. ಮಗುವಿಗೆ ಕಾಯಿಲೆಯಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಅಂಟುರೋಗವಿದ್ದರೆ ಅಥವಾ ದಾರಿ ನಡೆಯಲಾರದಷ್ಟು ಕೆಟ್ಟಿದ್ದರೆ ಮಾತ್ರ ವಿನಾಯಿತಿ. ಇಷ್ಟೇ ವಿಷಯ. ಮಕ್ಕಳು ಭಾಗವನ್ನು ಮುಂದೆ ಇಟ್ಟುಕೊಂಡೇ, ಎಷ್ಟು ಸಲ ಬೇಕಾದರೂ ನೋಡಿಕೊಂಡು ಉತ್ತರಿಸಬಹುದಿತ್ತು. ಈ ಭಾಗದ ವಿಷಯವೇನು ಎಂದು ಕೇಳಿದರೆ ಕೆಲವರು ‘ಫ್ರಾಂಕ್ಲಿನ್’ ಎಂದು ಬರೆದರು. ಕೆಲವರು ‘ಕೆಲವು ವಾಕ್ಯಗಳು’ ಎಂದರು. ಇನ್ನು ಕೆಲವರ ಉತ್ತರದಲ್ಲಿ ದೊಡ್ಡಕ್ಷರ, ಕರ್ತೃ-ಕ್ರಿಯಾಪದಗಳ ಪ್ರಸ್ತಾಪ ಬಂದಿತು! ಭಾಗದಲ್ಲಿದ್ದ ಪದಗಳು ಆ ಮಕ್ಕಳಿಗೆ ಅಪರಿಚಿತವಾಗಿರಲಿಲ್ಲ. ಭಾಷೆಯೂ ಅವರದೇ.

ಥಾರ್ನ್‌ಡೈಕರ ತೀರ್ಮಾನ ಹೀಗಿತ್ತು: ಒಂದು ಭಾಗವನ್ನು ಓದಿ ಅರ್ಥಮಾಡಿಕೊಳ್ಳುವುದು ಗಣಿತದ ಲೆಕ್ಕವನ್ನು ಬಿಡಿಸುವಂಥ ತರ್ಕದ ಕೆಲಸ. ಓದುಗನು ಪ್ರತಿಯೊಂದು ಪದಕ್ಕೂ ತಕ್ಕ ತೂಕ ಕೊಡಬೇಕು, ಬೇಕಾದುದನ್ನು ಆರಿಸಬೇಕು, ಬೇಡದ್ದನ್ನು ಬದಿಗಿಡಬೇಕು, ಆರಿಸಿದ್ದನ್ನು ಸರಿಯಾದ ಸಂಬಂಧದಲ್ಲಿ ಜೋಡಿಸಬೇಕು. ಯಾವುದೋ ಒಂದು ಪದ ಅತಿಯಾಗಿ ಕಣ್ಣಿಗೆ ಹೊಡೆದು ಉಳಿದವುಗಳನ್ನು ಮರೆಸಿದರೆ ಅರ್ಥ ಕೆಡುತ್ತದೆ. ‘ವಿನಾ’, ‘ಅಥವಾ’, ‘ಆದರೂ’ ಎಂಬಂಥ ಸಣ್ಣ ಪದಗಳಿಗೆ ತೂಕ ಸಿಗದಿದ್ದರೂ ಕೆಡುತ್ತದೆ. ನಾನು ಮೂರು ದಶಕಗಳ ಕಾಲ ತಿದ್ದಿದ ಉತ್ತರಪತ್ರಿಕೆಗಳಲ್ಲಿ ಕಂಡ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ಬಗೆಯವೇ ಆಗಿದ್ದವು.

ಈಗ ಕಥೆ ಮತ್ತೆ ನಮ್ಮ ಉಪಖಂಡಕ್ಕೆ ಬರುತ್ತದೆ, ಢಾಕಾ ನಗರಕ್ಕೆ. ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷ್ ಅಧಿಕಾರಿ ಭಾರತೀಯ ಶಿಕ್ಷಣ ಸೇವೆಗೆ ಸೇರಿ, ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅವರು 1926ರಲ್ಲಿ ಬಂಗಾಳದ ದ್ವಿಭಾಷಿಕತೆಯನ್ನು ಕುರಿತು ಒಂದು ದೊಡ್ಡ ವರದಿಯನ್ನು ಪ್ರಕಟಿಸಿದರು. ಬಂಗಾಳದ ಹಳ್ಳಿಯ ಹುಡುಗನಿಗೆ ಇಂಗ್ಲಿಷ್ ಯಾಕೆ ಬೇಕು ಎಂದು ಅವರು ನೇರವಾಗಿ ಕೇಳಿದರು. ಅವನ ಸುತ್ತ ಇಂಗ್ಲಿಷ್ ಮಾತನಾಡುವವರು ಯಾರೂ ಇಲ್ಲ. ಅವನು ಯಾರೊಡನೆ ಮಾತನಾಡಬೇಕು? ಆದರೆ ಅವನಿಗೆ ಬೇಕಾದ ವಿಜ್ಞಾನ, ವೈದ್ಯ, ಕೃಷಿ, ಕಾನೂನಿನ ಪುಸ್ತಕಗಳು ಅವನ ಭಾಷೆಯಲ್ಲಿ ಇನ್ನೂ ಸಾಕಷ್ಟಿಲ್ಲ. ಆದ್ದರಿಂದ ಅವನಿಗೆ ಮೊದಲು ಬೇಕಾದುದು ಓದುವ ಶಕ್ತಿ. ಕಲಿಯಲು ಸುಲಭವಾದದ್ದೂ ಅದೇ. ಮಾತು ಕಲಿಸಲು ಸೊಗಸಾಗಿ ಮಾತನಾಡುವ ಮೇಷ್ಟರು ಬೇಕು. ಓದು ಕಲಿಸಲು ಒಳ್ಳೆಯ ಪುಸ್ತಕ ಸಾಕು.

ಈ ವಾದದೊಳಗೆ ವೆಸ್ಟರು ಬಳಸಿದ ಒಂದು ಕಲ್ಪನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ವಿಮೆಯ ಲೋಕದಿಂದ ಅವರು ‘ಸರೆಂಡರ್ ವ್ಯಾಲ್ಯೂ’ ಎಂಬ ಮಾತನ್ನು ಎರವಲು ತಂದರು. ಎಲ್‌ಐಸಿ ಪಾಲಿಸಿ ಮಾಡಿಸಿದವರಿಗೆಲ್ಲ ಇದು ಗೊತ್ತು. ಕಂತು ಕಟ್ಟುವುದನ್ನು ನಡುವೆ ನಿಲ್ಲಿಸಿದರೆ ಕೈಗೆ ಎಷ್ಟು ಬರುತ್ತದೆ ಎಂಬುದೇ ಸರೆಂಡರ್ ವ್ಯಾಲ್ಯೂ. ಶಾಲೆಗೆ ಸೇರಿದ ಮಕ್ಕಳಲ್ಲಿ ಬಹುಪಾಲು ಕೊನೆಯವರೆಗೆ ಓದುವುದಿಲ್ಲ, ನಡುವೆಯೇ ಬಿಟ್ಟುಹೋಗುತ್ತಾರೆ. ಹೀಗೆ ಬಿಟ್ಟುಹೋದ ಮಗುವಿನ ಕೈಯಲ್ಲಿ ನಾವು ಕಲಿಸಿದ ಇಂಗ್ಲಿಷಿನಿಂದ ಏನು ಉಳಿಯುತ್ತದೆ ಎಂಬುದೇ ಅವರ ಪ್ರಶ್ನೆ. ಎರಡು ವರ್ಷ ವ್ಯಾಕರಣ ಕಲಿತು ಬಿಟ್ಟವನಿಗೆ ಏನೂ ಉಳಿಯದು. ಎರಡು ವರ್ಷ ಸರಳ ಪುಸ್ತಕಗಳನ್ನು ಓದಿ ಬಿಟ್ಟವನು ಕೊನೆಯ ಪಕ್ಷ ಅಂಥ ಇನ್ನೊಂದು ಪುಸ್ತಕವನ್ನು ಓದಬಲ್ಲನು.

ಪಿಯುಸಿಯಲ್ಲಿ ಫೇಲಾಗಿ ಓದು ನಿಲ್ಲಿಸಿದ ನನ್ನ ಎಷ್ಟೋ ವಿದ್ಯಾರ್ಥಿಗಳು ಇಂದು ಗ್ಯಾರೇಜು, ಔಷಧಿ ಅಂಗಡಿ, ತೋಟ ನಡೆಸುತ್ತಿದ್ದಾರೆ. ಕೀಟನಾಶಕದ ಡಬ್ಬಿಯ ಮೇಲಿನ ಸೂಚನೆಯನ್ನು ತಾವೇ ಓದಿಕೊಳ್ಳುವವರೂ ಅವರಲ್ಲಿದ್ದಾರೆ, ಅಂಗಡಿಯವನು ಹೇಳಿದ್ದನ್ನೇ ನಂಬಬೇಕಾದವರೂ ಇದ್ದಾರೆ. ಈ ಎರಡು ಗುಂಪುಗಳ ನಡುವಿನ ಅಂತರ ಯಾವ ಅಂಕಪಟ್ಟಿಯಲ್ಲಿಯೂ ಕಾಣುವುದಿಲ್ಲ.

ವೆಸ್ಟರು ವಾದಿಸಿ ಸುಮ್ಮನಾಗಲಿಲ್ಲ. ಹಳೆಯ ವಾಚನಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಹತ್ತಾರು ಹೊಸ ಪದಗಳು, ಅದರಲ್ಲಿಯೂ ಬಳಕೆ ತಪ್ಪಿದ ಪದಗಳು ತುಂಬಿರುತ್ತಿದ್ದವು. ಅವುಗಳ ಜಾಗಕ್ಕೆ ನಿತ್ಯದ ಪದಗಳನ್ನು ತಂದು, ಹೊಸ ಪದಗಳನ್ನು ದೂರದೂರಕ್ಕೆ ಹರಡಿ, ಅವರು ಹೊಸ ವಾಚನಮಾಲೆಯೊಂದನ್ನು ಸಿದ್ಧಪಡಿಸಿದರು. ನಿರಾಯಾಸವಾಗಿ ಓದುವ ಸುಖ ಒಮ್ಮೆ ಸಿಕ್ಕಿದರೆ ಮಗು ತಾನೇ ಮುಂದುವರಿಯುತ್ತದೆ ಎಂಬುದು ಅವರ ನಂಬಿಕೆ. 1953ರಲ್ಲಿ ಅವರ ಹೆಸರಿನಲ್ಲಿ ಹೊರಬಂದ ಸುಮಾರು 2000 ಪದಗಳ ಪಟ್ಟಿ ಲೋಕಪ್ರಸಿದ್ಧವಾಯಿತು. ‘ಓದು, ತಲೆಯೆತ್ತು, ಹೇಳು’ ಎಂಬ ವಿಧಾನವನ್ನೂ ಅವರು ಪ್ರಚಾರಕ್ಕೆ ತಂದರು. ಸಾಲನ್ನು ಕಣ್ಣಿನಿಂದ ಓದಿಕೊಂಡು, ಪುಸ್ತಕದಿಂದ ತಲೆಯೆತ್ತಿ, ಎದುರಿಗಿದ್ದವನಿಗೆ ಹೇಳುವುದು. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ನೆನಪಿರಬೇಕು! ತಲೆಯೆತ್ತದೆ ಓದುವವರಿಗೆ ನಾನು “ಪುಸ್ತಕದೊಡನೆ ಮಾತಾಡಬೇಡ, ನನ್ನೊಡನೆ ಮಾತಾಡು” ಎನ್ನುತ್ತಿದ್ದೆನಲ್ಲವೇ? ಆ ವಿದ್ಯೆ ಢಾಕಾದಿಂದ ಬಂದದ್ದು.

ಸ್ವಾತಂತ್ರ್ಯದ ನಂತರದ ಭಾಗವನ್ನು ಬೇಗನೆ ದಾಟುತ್ತೇನೆ. 1948–49ರ ರಾಧಾಕೃಷ್ಣನ್ ಆಯೋಗ, 1964–66ರ ಕೊಠಾರಿ ಆಯೋಗ ಇವೆರಡೂ ಇಂಗ್ಲಿಷನ್ನು ಮುಖ್ಯವಾಗಿ ಜ್ಞಾನದ ಭಾಷೆಯೆಂದು ಕಂಡವು; ‘ಗ್ರಂಥಾಲಯದ ಭಾಷೆ’ ಎಂಬ ಮಾತು ಆಗ ಚಲಾವಣೆಗೆ ಬಂದಿತು. ಎಂದರೆ ತತ್ತ್ವದಲ್ಲಿ ಓದಿಗೇ ಅಗ್ರಸ್ಥಾನ. ಆದರೆ ತರಗತಿಗಳಲ್ಲಿ ನಡೆದದ್ದು ಬೇರೆ. ಮದರಾಸು ಪ್ರಾಂತದಲ್ಲಿ 1950ರ ದಶಕದಲ್ಲಿ ಆರಂಭವಾದ ರಚನಾತ್ಮಕ ಪಠ್ಯಕ್ರಮ, ವಾಕ್ಯಮಾದರಿಗಳನ್ನು ಬಾಯಲ್ಲಿ ಹತ್ತಾರು ಸಲ ಹೇಳಿಸುವ ಕ್ರಮ, ದಕ್ಷಿಣವನ್ನೆಲ್ಲ ವ್ಯಾಪಿಸಿತು. ‘ದಿಸ್ ಈಸ್ ಎ ಪೆನ್’ ಎಂದು ಇಡೀ ತರಗತಿ ಕೂಗುತ್ತಿದ್ದುದು ಆ ಕ್ರಮದ ಕೊಡುಗೆ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದವು. ಅಂದ ಹಾಗೆ, ಹೈದರಾಬಾದಿನ ಆ ಸಂಸ್ಥೆಯನ್ನು ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿ ನಡೆಸಿದವರು ನಮ್ಮ ವಿ. ಕೃ. ಗೋಕಾಕರು. ಮುಂದೆ 1980–81ರಲ್ಲಿ ಕನ್ನಡದ ಸ್ಥಾನಮಾನ ಕುರಿತ ಸಮಿತಿಯ ಅಧ್ಯಕ್ಷರಾಗಿ, 1982ರ ದೊಡ್ಡ ಚಳವಳಿಗೆ ತಮ್ಮ ಹೆಸರನ್ನು ಕೊಟ್ಟವರೂ ಅವರೇ. ಈ ಎರಡು ಕೆಲಸಗಳಲ್ಲಿ ವಿರೋಧವಿದೆಯೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಚರಿತ್ರೆಯ ಅತ್ಯಂತ ಸ್ವಾರಸ್ಯಕರ ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. ಹೊರದೇಶಗಳ ಭಾಷಾಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು, ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ಸಹಕಾರದೊಂದಿಗೆ, 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ಈ ಪ್ರಯೋಗ ನಡೆಸಿದರು. ವಾಕ್ಯಮಾದರಿಗಳ ಪಟ್ಟಿಯನ್ನು ಅವರು ಪೂರ್ತಿ ಕೈಬಿಟ್ಟರು. ಮಕ್ಕಳ ಮುಂದೆ ಇಟ್ಟದ್ದು ನಕ್ಷೆ, ರೈಲಿನ ವೇಳಾಪಟ್ಟಿ, ಶಾಲೆಯ ವೇಳಾಪಟ್ಟಿ, ನಿಯಮಾವಳಿಗಳಂಥ ಸಾಮಗ್ರಿ. ಓದಿ, ತರ್ಕಿಸಿ, ಅಲ್ಲಿ ನೇರವಾಗಿ ಬರೆದಿಲ್ಲದ ಒಂದು ಉತ್ತರಕ್ಕೆ ಬರಬೇಕು. ಮೊದಲು ಅಂಥದೇ ಒಂದು ಸಮಸ್ಯೆಯನ್ನು ಶಿಕ್ಷಕರು ಇಡೀ ತರಗತಿಯೊಡನೆ ಬಿಡಿಸುತ್ತಾರೆ. ಬಳಿಕ ಮಕ್ಕಳು ಒಬ್ಬೊಬ್ಬರಾಗಿ ಇನ್ನೊಂದನ್ನು ಬಿಡಿಸುತ್ತಾರೆ. ಮನಸ್ಸು ಅರ್ಥದಲ್ಲಿ ಮುಳುಗಿರುವಾಗಲೇ ಭಾಷೆ ತಾನಾಗಿ ಬರುತ್ತದೆ ಎಂಬುದು ಪ್ರಭು ಅವರ ನಿಲುವು. ಸಮಸ್ಯೆ ಎಷ್ಟು ಕಷ್ಟವಿರಬೇಕೆಂಬುದಕ್ಕೆ ಅವರು ಕೊಟ್ಟ ಅಳತೆ ಬಹಳ ಸರಳ. ತರಗತಿಯ ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟಾದರೂ ಸರಿಮಾಡುವಂತಿರಬೇಕು. 1987ರಲ್ಲಿ ಈ ಅನುಭವವನ್ನು ಅವರು ಪುಸ್ತಕವಾಗಿ ಪ್ರಕಟಿಸಿದರು.

ಹೊರಗಿನಿಂದ ಬಂದ ಪರೀಕ್ಷಕರು ಪ್ರಯೋಗದ ಫಲಿತಾಂಶವನ್ನು ಅಳೆದು, ಎಚ್ಚರಿಕೆಯಿಂದಲೇ ಒಳ್ಳೆಯ ಮಾತು ಹೇಳಿದರು. ಆದರೂ ನಮ್ಮ ಶಾಲೆಗಳಲ್ಲಿ ಅದು ಬೇರೂರಲಿಲ್ಲ. ಮಕ್ಕಳು ಅನಿರೀಕ್ಷಿತವಾಗಿ ಕೇಳುವುದಕ್ಕೆಲ್ಲ ಇಂಗ್ಲಿಷಿನಲ್ಲಿಯೇ ಸ್ಪಂದಿಸಬಲ್ಲ ಶಿಕ್ಷಕರು ಅದಕ್ಕೆ ಬೇಕಿತ್ತು. ಶಾಲೆಯ ಸಾಮಾನ್ಯ ಶಿಕ್ಷಕರಿಗೆ ಇದು ಕಷ್ಟವಾಯಿತು. ಇನ್ನು ಪರೀಕ್ಷೆಯಂತೂ ಹಳೆಯ ದಾರಿಯಲ್ಲಿಯೇ ಸಾಗುತ್ತಿತ್ತು. ಲೋಕಕ್ಕೆಲ್ಲ ಮಾದರಿಯಾದ ಪ್ರಯೋಗ ತವರಿನಲ್ಲಿಯೇ ಮರೆಯಾದದ್ದು ನನಗೆ ಬಹಳ ಬೇಸರದ ಸಂಗತಿ.

ಹೀಗೆ ತರ್ಕದ ಕೆಲಸವೆಂದು ಹುಟ್ಟಿದ ಕಾಂಪ್ರಹೆನ್ಷನ್ನು ಪ್ರಶ್ನೆಪತ್ರಿಕೆಯ ಮೂಲೆಗೆ ಬಂದು ಸೇರುವ ಹೊತ್ತಿಗೆ ಏನಾಯಿತು? ಪ್ರಶ್ನೆಯಲ್ಲಿರುವ ಪದವನ್ನು ಗದ್ಯಭಾಗದಲ್ಲಿ ಹುಡುಕು, ಸಿಕ್ಕಿದ ವಾಕ್ಯವನ್ನು ಎತ್ತಿ ಬರೆ, ಅಂಕ ನಿನ್ನದು. ಇಷ್ಟೇ ಆಯಿತು. ಇದನ್ನೇ ‘ಟೆಕ್ನಿಕ್’ ಎಂದು ಹೇಳಿಕೊಡುವವರೂ ಹುಟ್ಟಿಕೊಂಡರು. ಈ ಟೆಕ್ನಿಕ್ಕಿನ ಬಣ್ಣ ಬಯಲು ಮಾಡಲು ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಹೀಗೆ ಬರೆಯುತ್ತಿದ್ದೆ:

“ಒಂದು ದಿನ ಗುಬಳನು ತಿಂಬಡೆಯ ಬಳಿ ಲೊರಗುತ್ತಿದ್ದನು. ಅವನ ಕೈಯಲ್ಲಿದ್ದ ಸೊಪ್ಪಣಿಯು ಬಹಳ ಮಿರುಕಲಾಗಿದ್ದುದರಿಂದ ಅವನು ಅದನ್ನು ಚೆಡಗಿಗೆ ಕೊಟ್ಟನು.”

ಬಳಿಕ ಪ್ರಶ್ನೆಗಳು. ಗುಬಳನು ಎಲ್ಲಿ ಲೊರಗುತ್ತಿದ್ದನು? ಸೊಪ್ಪಣಿಯನ್ನು ಯಾರಿಗೆ ಕೊಟ್ಟನು? ಏಕೆ ಕೊಟ್ಟನು? ಎಲ್ಲರೂ ಕೈಯೆತ್ತಿ ಸರಿಯುತ್ತರ ಹೇಳುತ್ತಿದ್ದರು, ನೂರಕ್ಕೆ ನೂರು. ನಾಲ್ಕನೆಯ ಪ್ರಶ್ನೆ: ಗುಬಳನು ಮಾಡಿದ್ದು ಬುದ್ಧಿವಂತಿಕೆಯ ಕೆಲಸವೇ? ತರಗತಿ ಮೌನ. ಆಮೇಲೆ ನಗು. ಅರ್ಥವಿಲ್ಲದ ಮಾತಿಗೂ ಅಂಕ ಬರುವಂತಹ ಪ್ರಶ್ನೆಗಳು ಯಾವುವು, ಬಾರದಂತಹವು ಯಾವುವು ಎಂಬುದು ಮಕ್ಕಳಿಗೆ ಆಗ ತಾನೇ ಹೊಳೆಯುತ್ತಿತ್ತು. ಹಾಸನದ ಕಡೆಯ ಹುಡುಗನೊಬ್ಬ ಬಹಳ ದಿನ ತನ್ನ ಗೆಳೆಯನನ್ನು ಗುಬಳ ಎಂದೇ ಕರೆಯುತ್ತಿದ್ದ. ಇದನ್ನು ಓದುತ್ತಿದ್ದರೆ ಇಬ್ಬರೂ ನಗುತ್ತಾರೆ.

ಈ ಉದಾಹರಣೆಯನ್ನು ನಾನು ಕನ್ನಡದಲ್ಲಿ ಕೊಟ್ಟದ್ದು ಉದ್ದೇಶಪೂರ್ವಕವಾಗಿಯೇ. ಗೋಕಾಕರ ಬಗ್ಗೆ ಹೇಳುತ್ತೇನೆಂದ ಕಾರಣ ಇದೇ. ವಿದೇಶೀ ಭಾಷೆಯ ಓದಿನಲ್ಲಿ ಎಡವುವವನ ತೊಂದರೆ ಭಾಷೆಯದೋ, ಓದಿನದೋ ಎಂಬ ಪ್ರಶ್ನೆಯನ್ನು ಚಾರ್ಲ್ಸ್ ಆಲ್ಡರ್ಸನ್ ಎಂಬ ವಿದ್ವಾಂಸರು 1984ರಲ್ಲಿ ಎತ್ತಿದರು. ಎರಡೂ ಹೌದು ಎಂಬುದು ಅಂದಿನಿಂದ ಬಂದ ಉತ್ತರಗಳ ಸಾರ. ಒಂದು ಮಟ್ಟದ ಇಂಗ್ಲಿಷ್ ಬರದಿದ್ದರೆ ತಾಯ್ನುಡಿಯ ಓದಿನ ಶಕ್ತಿ ಅಲ್ಲಿಗೆ ಹರಿಯದು. ಆ ಮಟ್ಟ ದಾಟಿದ ಮೇಲೆ ಅದು ಹರಿದು ಬರುತ್ತದೆ. ಆದರೆ ಹರಿಯಬೇಕಾದರೆ ಮೊದಲು ಅದು ಇರಬೇಕಷ್ಟೆ! ದಿನಪತ್ರಿಕೆಯ ಸಂಪಾದಕೀಯವನ್ನು ಕನ್ನಡದಲ್ಲಿ ಓದಿ, ಬರೆದವರು ಏನನ್ನು ಸೂಚಿಸಿದ್ದಾರೆ ಎಂದು ಹೇಳಲಾಗದ ಹುಡುಗನಿಗೆ ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ಮಾಡಿಸುವುದು ಹೇಗೆ? ಈಗ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಪರೀಕ್ಷೆಗೆ ಮಾತ್ರ ಓದುತ್ತಾರೆ, ಇಂಗ್ಲಿಷನ್ನು ಕೋಚಿಂಗಿಗೆ ಮಾತ್ರ ಓದುತ್ತಾರೆ. ಯಾವ ಭಾಷೆಯಲ್ಲಿಯೂ ಸುಮ್ಮನೆ ಕುಳಿತು ಹತ್ತು ಪುಟ ಓದುವುದಿಲ್ಲ. ನೀವು ಕೋಪಿಸಿಕೊಂಡರೂ ಚಿಂತೆಯಿಲ್ಲ, ಈ ಮಾತನ್ನು ನಾನು ಹೇಳಲೇಬೇಕು.

ಇನ್ನು ಅಭ್ಯಾಸದ ಮಾತು. ದಿನಕ್ಕೊಂದು ಗದ್ಯಭಾಗದಂತೆ ನೂರು ಮಾಡಿಸಿದರೆ ಪ್ರಯೋಜನ ಕಡಿಮೆ. ವಾರಕ್ಕೆ ಎರಡು ಸಾಕು, ಆದರೆ ಒಂದೊಂದರ ಮೇಲೆ ಮುಕ್ಕಾಲು ಗಂಟೆ ಕೂರಬೇಕು. ಮೊದಲು ಪೂರ್ತಿ ಭಾಗವನ್ನು ಮೌನವಾಗಿ ಓದಿಸಿ, ಹಾಳೆಯನ್ನು ಮುಚ್ಚಿಸಿ, ಏನು ಓದಿದೆ ಎಂದು ಎರಡು ವಾಕ್ಯದಲ್ಲಿ ಹೇಳಿಸಿ. ಕನ್ನಡದಲ್ಲಿ ಹೇಳಿದರೂ ಸರಿ. ಥಾರ್ನ್‌ಡೈಕರ ಮಕ್ಕಳಂತೆ ‘ಫ್ರಾಂಕ್ಲಿನ್’ ಎಂದು ಬಿಟ್ಟನೋ, ವಿಷಯ ಹಿಡಿದನೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಗೊತ್ತಿಲ್ಲದ ಪದಕ್ಕೆ ಕೂಡಲೇ ನಿಘಂಟು ತೆಗೆಯಲು ಬಿಡಬೇಡಿ. ಹಿಂದುಮುಂದಿನ ವಾಕ್ಯಗಳಿಂದ ಊಹಿಸಿ ಬರೆದಿಡಲಿ, ಕೊನೆಯಲ್ಲಿ ನಿಘಂಟಿನೊಡನೆ ಹೋಲಿಸಲಿ. ಪ್ರತಿ ಉತ್ತರಕ್ಕೂ “ಇದು ಎಲ್ಲಿದೆ, ತೋರಿಸು” ಎಂದು ಕೇಳಿ. ಒಂದು ಸಾಲಿನ ಮೇಲೆ ಬೆರಳಿಟ್ಟರೆ ಅದು ಸುಲಭದ ಪ್ರಶ್ನೆ. ಎರಡು ಕಡೆ ಬೆರಳಿಡಬೇಕಾಗಿ ಬಂದರೆ ಅಲ್ಲಿಂದ ನಿಜವಾದ ಓದು ಆರಂಭ. ಆಯ್ಕೆಗಳಿರುವ ಪ್ರಶ್ನೆಯಾದರೆ ಸರಿಯುತ್ತರ ಹೇಳಿದ ಮಾತ್ರಕ್ಕೆ ಬಿಡಬೇಡಿ. ಉಳಿದ ಮೂರು ಏಕೆ ತಪ್ಪು ಎಂದು ಒಂದೊಂದಕ್ಕೂ ಕಾರಣ ಹೇಳಿಸಿ. ಮಕ್ಕಳೇ ಪ್ರಶ್ನೆ ತಯಾರಿಸಿ ಒಬ್ಬರಿಗೊಬ್ಬರು ಕೊಡುವುದು ಇನ್ನೂ ಒಳ್ಳೆಯದು. ಕೆಟ್ಟ ಪ್ರಶ್ನೆ ಯಾವುದೆಂದು ಅವರಿಗೆ ಬೇಗ ಗೊತ್ತಾಗುತ್ತದೆ.

ಗದ್ಯಭಾಗಗಳಿಗೆ ಗೈಡನ್ನು ಕೊಳ್ಳಬೇಕಾಗಿಲ್ಲ. ಔಷಧಿಯ ಪೆಟ್ಟಿಗೆಯೊಳಗಿನ ಚೀಟಿ, ಬ್ಯಾಂಕಿನ ಸೂಚನೆ, ವಸ್ತುವಿನ ಗ್ಯಾರಂಟಿ ಪತ್ರ ಇವೆಲ್ಲ ಮನೆಯಲ್ಲಿಯೇ ಇವೆ. ಪ್ರಭು ಅವರ ದಾರಿಯಲ್ಲಿ ನಾನು ರಚಿಸಿಕೊಂಡಿದ್ದ ಒಂದು ಅಭ್ಯಾಸವನ್ನು ಇಲ್ಲಿ ಕೊಡುತ್ತೇನೆ. ನೀವೇ ಸರಳ ಇಂಗ್ಲಿಷಿಗೆ ತಿರುಗಿಸಿ ಮಕ್ಕಳ ಮುಂದಿಡಿ. ಗ್ರಂಥಾಲಯದ ನಿಯಮ: ಒಂದು ಪುಸ್ತಕವನ್ನು 14 ದಿನ ಇಟ್ಟುಕೊಳ್ಳಬಹುದು. ತಡವಾದರೆ ದಿನಕ್ಕೆ 1 ರೂಪಾಯಿ ದಂಡ. ದಂಡ ಕಟ್ಟುವವರೆಗೆ ಹೊಸ ಪುಸ್ತಕ ಕೊಡುವುದಿಲ್ಲ. ನಿಘಂಟು, ವಿಶ್ವಕೋಶಗಳನ್ನು ಅಲ್ಲಿಯೇ ಕುಳಿತು ನೋಡಬಹುದು, ಹೊರಗೆ ಒಯ್ಯುವಂತಿಲ್ಲ. ಶಾರದೆ ಎಂಬ ಹುಡುಗಿ ಜೂನ್ 1ರಂದು ಕಾದಂಬರಿಯೊಂದನ್ನು ಒಯ್ದು 18ರಂದು ಹಿಂತಿರುಗಿಸುತ್ತಾಳೆ. ಅವಳ ಕೈಯಲ್ಲಿ 2 ರೂಪಾಯಿ ಇದೆ. ಅದೇ ದಿನ ಅವಳು ಒಂದು ನಿಘಂಟನ್ನು ಮನೆಗೆ ಒಯ್ಯಬಹುದೇ? ಒಯ್ಯಲಾರಳು ಎಂದಾದರೆ ಅದಕ್ಕೆ ಕಾರಣ ಒಂದೋ, ಎರಡೋ? ಅವಳಿಗೆ ಇನ್ನೊಂದು ರೂಪಾಯಿ ಸಿಕ್ಕಿದರೆ ಯಾವ ಕಾರಣ ಹೋಗುತ್ತದೆ, ಯಾವುದು ಉಳಿಯುತ್ತದೆ?

ಮಕ್ಕಳು ಬರೆದ ಉತ್ತರಗಳನ್ನು ನನಗೆ ಕಳುಹಿಸಿ, ತಿದ್ದಿಕೊಡುತ್ತೇನೆ. ಕೆಂಪು ಪೆನ್ನು ಇನ್ನೂ ಇದೆ.